ಉಳಿದ ಮೂವರು

ಮೈಸೂರಿನ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್‌ಗೋಮರಿಯವರ 1960ರ ಆಲ್ಬಮ್ 'ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್' ಬಗ್ಗೆ ಹೋದ ತಿಂಗಳು ಬರೆದಿದ್ದಿರಿ. ಸ್ಟುಡಿಯೋದಲ್ಲಿ ಜೀವ ಎಲ್ಲಿರುತ್ತೆ? ಅವರನ್ನು 'ಸ್ಮೋಕಿನ್ ಅಟ್ ದ ಹಾಫ್ ನೋಟ್' ರೆಕಾರ್ಡಿನಲ್ಲಿ, ಜನರ ಮುಂದೆ ನುಡಿಸುವಾಗ ಕೇಳಬೇಕು. ಮತ್ತೆ, ಗಿಟಾರ್ ಬಿಟ್ಟು ಪಿಯಾನೋ, ಡ್ರಮ್ಸ್‌ನವರಿಗೆ ಅರ್ಧ ಪುಟ ಯಾಕೆ?"

ಸಂಪಾದಕರ ಉತ್ತರ:

ಜನರ ಮುಂದೆ ನುಡಿಸುವಾಗ ಬರುವ ಹುರುಪೇ ಬೇರೆ, ಒಪ್ಪಿದೆ. ಆದರೆ ನೀವು ಮೆಚ್ಚಿದ ರೆಕಾರ್ಡನ್ನೇ ನೋಡಿ. ಅದರ ಐದು ಟ್ರ್ಯಾಕ್‌ಗಳಲ್ಲಿ ಹಾಫ್ ನೋಟ್ ಕ್ಲಬ್ಬಿನಲ್ಲಿ ನುಡಿಸಿದ್ದು ಎರಡೇ. ಉಳಿದ ಮೂರು ಸ್ಟುಡಿಯೋದವು. ಅವುಗಳಲ್ಲೂ ನಿಮಗೆ ಜೀವ ಕೇಳಿಸಿದೆ ಅಲ್ವಾ? ನಿಮ್ಮ ಕಿವಿ ಚೆನ್ನಾಗಿಯೇ ಇದೆ. ಎಲ್ಲಿ ನುಡಿಸಿದರು ಅನ್ನೋದಕ್ಕಿಂತ ಜೊತೆಗೆ ಯಾರಿದ್ದರು ಅನ್ನೋದು ದೊಡ್ಡದು.

ವೆಸ್ ಇಂಡಿಯಾನಾಪೊಲಿಸ್‌ನವರು. ಹಗಲು ಕಾರ್ಖಾನೆ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ಗಿಟಾರ್. ಸ್ವರಲಿಪಿ ಓದಲು ಬರುತ್ತಿರಲಿಲ್ಲ. 1959ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ, ವೆಸ್ ನುಡಿಸಿದ್ದನ್ನು ಕೇಳಿ, ರಿವರ್‌ಸೈಡ್ ರೆಕಾರ್ಡ್ ಕಂಪನಿಯವರಿಗೆ ಹೇಳಿದರು. ಮರುವರ್ಷ ಜನವರಿಯಲ್ಲಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಎರಡು ದಿನ, ಎಂಟು ಟ್ರ್ಯಾಕ್.

ಅಲ್ಲಿ ಪಿಯಾನೋಗೆ ಕೂತವರು ಟಾಮಿ ಫ್ಲಾನಗನ್. ತಗ್ಗು ಸ್ವರದ ತಂತಿವಾದ್ಯ ಬಾಸ್‌ನಲ್ಲಿ ಪರ್ಸಿ ಹೀತ್, ಡ್ರಮ್ಸ್‌ನಲ್ಲಿ ಅವರ ತಮ್ಮ ಆಲ್ಬರ್ಟ್. ಅಣ್ಣನಿಗಿಂತ 12 ವರ್ಷ ಚಿಕ್ಕವರು, ಆಗಿನ್ನೂ 24. ವೆಸ್, ತಂತಿ ಮೀಟುವ ಚಿಕ್ಕ ಬಿಲ್ಲೆ 'ಪಿಕ್' ಬಳಸದೆ ಹೆಬ್ಬೆರಳಿನಿಂದ ಮೀಟುತ್ತಿದ್ದರು. ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಹಿಡಿಯುತ್ತಿದ್ದರು. ಆ ನಾದ ತುಂಬ ಮೆತ್ತಗಿನದು, ದುಂಡಗಿನದು. ಪಕ್ಕದವರು ಗದ್ದಲ ಮಾಡಿದ್ದರೆ ಅದರ ಸವಿ ನಮಗೆ ಸಿಗುತ್ತಿತ್ತಾ? 'ವೆಸ್ಟ್ ಕೋಸ್ಟ್ ಬ್ಲೂಸ್' ಹಾಕಿ. ಬ್ಲೂಸ್ ಅನ್ನೋ ಸಂಗೀತ ಪ್ರಕಾರ ಸಾಮಾನ್ಯವಾಗಿ ನಾಲ್ಕರ ಎಣಿಕೆಯದು, ಇದು ಮೂರರದ್ದು. ಒಂದು ಸಲ ಗಿಟಾರನ್ನು ಮರೆತು ಅಣ್ಣತಮ್ಮಂದಿರನ್ನು ಮಾತ್ರ ಕೇಳಿ. ಇನ್ನೊಂದು ಸಲ ಫ್ಲಾನಗನ್ ಎಲ್ಲೆಲ್ಲಿ ಸುಮ್ಮನಿದ್ದಾರೆ ಅಂತ ಗಮನಿಸಿ. ಆಮೇಲೆ ಹೇಳಿ, ಅರ್ಧ ಪುಟ ಜಾಸ್ತಿಯಾಯಿತೇ ಅಂತ.

ನಿಮ್ಮ ಪತ್ರ ಓದಿ ನನಗೆ ಬೇಜಾರಾಗಿದ್ದು ಆ ಕೊನೆಯ ಸಾಲಿಗೇ. ಈಗ ಮೊಬೈಲಿನಲ್ಲಿ ಈ ಆಲ್ಬಮ್ ಹಾಕಿದರೆ ಕಣ್ಣಿಗೆ ಬೀಳೋದು ಒಂದೇ ಹೆಸರು. ನಮ್ಮಲ್ಲೂ ಹಾಗೇ ಅಲ್ವಾ? ಮೃದಂಗದಂಥ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾದ ಕೂಡಲೇ ಅರ್ಧ ಸಭೆ ಕಾಫಿಗೆ ಏಳುತ್ತದೆ. ಎರಡು ವರ್ಷದ ಹಿಂದೆ ಒಂದು ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಗಾಯಕರ ಫೋಟೋ, ಅತಿಥಿಗಳ ಹೆಸರು, ಊಟದ ವ್ಯವಸ್ಥೆ ಎಲ್ಲ ಇತ್ತು. ಕೆಳಗೆ 'ಪಕ್ಕವಾದ್ಯ ಸಹಿತ' ಅಂತ ಎರಡೇ ಪದ. ಅವತ್ತು ಮೃದಂಗ ನುಡಿಸಿದ ಹುಡುಗ ಎರಡೂವರೆ ಗಂಟೆ ಗಾಯಕರ ಮುಖದಿಂದ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ ಅವನ ಹೆಸರು ಏನು ಅಂತ ಸಂಘಟಕರನ್ನು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಓಡಿದೆ. ಹುಡುಗ ಮೃದಂಗದ ಜೊತೆ ಆಟೋ ಹತ್ತಿ ಹೋಗಿಯಾಗಿತ್ತು.