ಗಂಗಾವತಿ ಹೊಲಕ್ಕೆ ಯಾವ ಮೂರು ಬಂದೂಕು?: ಪ್ರತಿಕ್ರಿಯೆ

ಗಂಗಾವತಿಯ ಹೊಲಕ್ಕೆ ಯಾವ ಮೂರು ಬಂದೂಕು ತಗೊಳ್ಳಲಿ ಅಂತ ಕೇಳಿದ್ದೀರಿ. ಹೊಲ ಕಾಯೋಕೆ, ಮನೆಗೆ, ಗುರಿ ಅಭ್ಯಾಸಕ್ಕೆ ಅಂತ ಒಂದೊಂದು ಬಂದೂಕು ಬರೆದುಕೊಂಡಿದ್ದೀರಲ್ಲ, ಗೊಂದಲ ಶುರುವಾಗಿದ್ದೇ ಅಲ್ಲಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಸಾಮಾನ್ಯವಾಗಿ ಒಬ್ಬರಿಗೆ ಲೈಸೆನ್ಸಿನ ಬಂದೂಕು ಎರಡಕ್ಕಿಂತ ಜಾಸ್ತಿ ಇಲ್ಲ.

ಮೊದಲು 12 ಬೋರ್ ಡಬಲ್ ಬ್ಯಾರೆಲ್, ಅಂದರೆ ಎರಡು ನಳಿಗೆಯ ಬಂದೂಕು ಒಂದಕ್ಕೇ ಅರ್ಜಿ ಹಾಕಿ. ಹೊಲಕ್ಕೂ ಮನೆಗೂ ಅದೇ ಸಾಕು. ರಿವಾಲ್ವರ್ ಸದ್ಯಕ್ಕೆ ಬಿಡಿ. ಬೆಲೆ ಜಾಸ್ತಿ, ಕೈ ಪಳಗೋದೂ ನಿಧಾನ. ಅಭ್ಯಾಸಕ್ಕೆ 0.177 ಇಂಚಿನ ಏರ್ ರೈಫಲ್ (ಗಾಳಿ ಒತ್ತಡದ ಬಂದೂಕು) ತಗೊಳ್ಳಿ, ಗುಂಡು ಹೊರಡುವ ಶಕ್ತಿ 20 ಜೌಲ್ ದಾಟದಿದ್ದರೆ ಲೈಸೆನ್ಸೇ ಬೇಡ.

ಅರ್ಜಿ ಕೊಪ್ಪಳದ ಡಿಸಿ ಕಚೇರಿಗೆ. ಬಂದೂಕು ತರಬೇತಿಯ ಸರ್ಟಿಫಿಕೇಟ್ ಮೊದಲೇ ಮಾಡಿಸಿಕೊಳ್ಳಿ. ಆಮೇಲೆ ಪೊಲೀಸ್ ವಿಚಾರಣೆ. ಅದು ಎಷ್ಟು ದಿನ ಹಿಡಿಯುತ್ತದೋ ಹೇಳೋಕಾಗಲ್ಲ, ಲೈಸೆನ್ಸ್ ಸಿಕ್ಕೇ ಸಿಗುತ್ತದೆ ಅಂತಲೂ ಇಲ್ಲ. ಅದು ಕೈಗೆ ಬರೋವರೆಗೂ ಅಂಗಡಿಗೆ ಅಡ್ವಾನ್ಸ್ ಮಾತ್ರ ಕೊಡಬೇಡಿ.

ಅಂಗಡಿಯಲ್ಲಿ ಖಾಲಿ ಬಂದೂಕಿನ ಹಿಂಬದಿಯನ್ನು ಮೊಣಕೈ ಮಡಿಕೆಗೆ ಒತ್ತಿಟ್ಟು ನೋಡಿ. ಬೆರಳು ಆರಾಮಾಗಿ ಟ್ರಿಗರ್ ಮುಟ್ಟಬೇಕು. ಮುಟ್ಟದಿದ್ದರೆ ಅದು ನಿಮಗೆ ಉದ್ದವಾಯಿತು, ಎಷ್ಟೇ ಚೆಂದ ಇದ್ದರೂ ಬೇಡ.

ಇನ್ನು ಹಂದಿ, ಕರಡಿ ಕಾಟ ಅಂದಿದ್ದೀರಿ. ಲೈಸೆನ್ಸ್ ಇದೆ ಅಂತ ಸುಮ್ನೆ ಗುಂಡು ಹಾರಿಸುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು, ರೇಂಜ್ ಆಫೀಸಿನಲ್ಲಿ ಕೇಳಿ.