ಗಂಡನ ಸಂಬಳ ಜಾಸ್ತಿ ಇದ್ದರೆ ಆರೈಕೆ ಭತ್ಯೆ ಸಿಗೋದಿಲ್ವಾ?

ಪ್ರಶ್ನೆ: ಮದುವೆಯಾಗಿ ಹಾಸನದಿಂದ ಇಂಗ್ಲೆಂಡಿನ ರೀಡಿಂಗ್‌ಗೆ ಬಂದು 11 ವರ್ಷವಾಯಿತು. ನನಗೆ ಐಎಲ್‌ಆರ್ (ಬ್ರಿಟನ್ನಿನಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಇದೆ. ನಮ್ಮ ಜೊತೆಗಿರುವ ಅತ್ತೆಗೆ 76 ವರ್ಷ, ಅವರು ಬ್ರಿಟಿಷ್ ಪ್ರಜೆ. ಎರಡು ವರ್ಷದಿಂದ ಮರೆವಿನ ಕಾಯಿಲೆ. ಸ್ನಾನ, ಊಟ, ಮಾತ್ರೆ ಎಲ್ಲಕ್ಕೂ ನಾನೇ ಬೇಕು. ರಾತ್ರಿ ಎದ್ದು ಬಾಗಿಲು ತೆಗೆದುಕೊಂಡು ಹೊರಟುಬಿಡುತ್ತಾರೆ. ನಾನು ಶಾಲೆಯ ಅಡುಗೆಮನೆಯಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುತ್ತೇನೆ, ತಿಂಗಳಿಗೆ 790 ಪೌಂಡ್ ಕೈಗೆ ಬರುತ್ತದೆ. ನಮ್ಮ ಯಜಮಾನರು ಐಟಿಯಲ್ಲಿದ್ದಾರೆ. ಅವರ ಸಂಬಳ ನೋಡಿದರೆ ಸರ್ಕಾರ ನನಗೆ ಬಿಡಿಗಾಸೂ ಕೊಡುವುದಿಲ್ಲ ಅನ್ನುತ್ತಾರೆ. ಹೌದಾ?

ಉತ್ತರ: ಇಲ್ಲ. ಕೇರರ್ಸ್ ಅಲೋವನ್ಸ್ (ಆರೈಕೆ ಮಾಡುವವರಿಗೆ ಅಲ್ಲಿನ ಸರ್ಕಾರ ಕೊಡುವ ಭತ್ಯೆ) ಕೊಡುವಾಗ ಗಂಡನ ಸಂಬಳ, ಮನೆ, ಉಳಿತಾಯ ಯಾವುದನ್ನೂ ನೋಡುವುದಿಲ್ಲ. ನೋಡುವುದು ನಿಮ್ಮ ದುಡಿಮೆಯನ್ನು ಮಾತ್ರ. 2025–26ರ ಲೆಕ್ಕದಲ್ಲಿ ವಾರಕ್ಕೆ 83.30 ಪೌಂಡ್ ಸಿಗುತ್ತದೆ. ಮಾಡುವ ಕೆಲಸಕ್ಕೆ ಹೋಲಿಸಿದರೆ ಏನೇನೂ ಅಲ್ಲ, ಆದರೂ ಬಿಡಬಾರದ ದುಡ್ಡು. ಜೊತೆಗೆ ನಿಮ್ಮ ಹೆಸರಿಗೆ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ಸೇರುತ್ತದೆ, ಅಂದರೆ ಆ ಸರ್ಕಾರಿ ವಿಮೆಗೆ ಕಂತು ಕಟ್ಟಿದಂತೆ ಲೆಕ್ಕ. ಮುಂದೆ ಪೆನ್ಷನ್‌ಗೆ ಬೇಕಾಗುವುದು ಅದೇ.

ಆದರೆ ನೀವು ಮೊದಲು ತುಂಬಬೇಕಾದ ಅರ್ಜಿ ನಿಮ್ಮದಲ್ಲ, ಅತ್ತೆಯವರದು. ಅವರಿಗೆ ಅಂಗವೈಕಲ್ಯ ಅಥವಾ ಆರೈಕೆಗೆ ಸಂಬಂಧಪಟ್ಟ ಭತ್ಯೆ ಮಂಜೂರಾಗದೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. ಅವರ ವಯಸ್ಸಿನವರಿಗೆ ಇರುವುದು ಅಟೆಂಡೆನ್ಸ್ ಅಲೋವನ್ಸ್. ಹಗಲು ಅಥವಾ ರಾತ್ರಿ, ಒಂದು ಹೊತ್ತು ಮಾತ್ರ ಸಹಾಯ ಬೇಕಿದ್ದರೆ 2025–26ರ ದರದಲ್ಲಿ ವಾರಕ್ಕೆ 73.90 ಪೌಂಡ್. ಎರಡೂ ಹೊತ್ತು ಬೇಕಿದ್ದರೆ 110.40. ಯಾವ ದರ ಸಿಕ್ಕರೂ ನಿಮ್ಮ ಅರ್ಜಿಗೆ ಸಾಕು. ಇದಕ್ಕೂ ಆದಾಯದ ಮಿತಿ ಇಲ್ಲ. ಫೋನ್ ಮಾಡಿ ಫಾರಂ ತರಿಸಿಕೊಂಡು ಆರು ವಾರದೊಳಗೆ ಕಳಿಸಿದರೆ, ಫೋನ್ ಮಾಡಿದ ದಿನದಿಂದಲೇ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಇವತ್ತೇ ಮಾಡಿ.

ಫಾರಂ ತುಂಬುವಾಗ ನಮ್ಮ ಜನ ಒಂದು ಎಡವಟ್ಟು ಮಾಡುತ್ತಾರೆ. ‘ಮನೆಯವರೆಲ್ಲ ಇದ್ದೇವೆ, ಅಂಥ ತೊಂದರೆ ಏನಿಲ್ಲ’ ಎಂದು ಮರ್ಯಾದೆಗೆ ಬರೆದುಬಿಡುತ್ತಾರೆ. ಅಲ್ಲಿ ಕುಳಿತು ಓದುವವರು ಅದನ್ನು ಅಕ್ಷರಶಃ ನಂಬುತ್ತಾರೆ, ಅಲ್ವಾ? ಸೊಸೆ ಇಲ್ಲದಿದ್ದರೆ ಅತ್ತೆಯ ಗತಿ ಏನು ಅನ್ನುವುದನ್ನು ಬರೆಯಿರಿ. ವಾರದಲ್ಲಿ ಎಷ್ಟು ರಾತ್ರಿ ಎದ್ದಿರಿ, ಎಷ್ಟು ಸಲ ಮಾತ್ರೆ ತಪ್ಪಿತು, ಗ್ಯಾಸ್ ಹಚ್ಚಿಟ್ಟು ಮರೆತಿದ್ದು ಯಾವಾಗ, ಎಲ್ಲವೂ ಬರಲಿ.

ಇನ್ನು ನಿಮ್ಮ ಕಡೆಯ ಷರತ್ತುಗಳು. ವಾರಕ್ಕೆ ಕನಿಷ್ಠ 35 ಗಂಟೆ ಅವರನ್ನು ನೋಡಿಕೊಳ್ಳಬೇಕು. ಅಡುಗೆ, ಬಟ್ಟೆ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು, ಸುಮ್ನೆ ಅವರ ಮೇಲೆ ಕಣ್ಣಿಟ್ಟು ಕೂರುವುದು ಕೂಡ ಲೆಕ್ಕಕ್ಕೆ ಬರುತ್ತದೆ. ಕಳೆದ ಮೂರು ವರ್ಷದಲ್ಲಿ ಎರಡು ವರ್ಷ ಆ ದೇಶದಲ್ಲೇ ಇದ್ದಿರಬೇಕು. ನಿಮಗೆ ಐಎಲ್‌ಆರ್ ಇರುವುದರಿಂದ ವೀಸಾ ತೊಡಕಿಲ್ಲ. ವರ್ಕ್ ವೀಸಾದಲ್ಲಿ, ಅಥವಾ ಅದರ ಡಿಪೆಂಡೆಂಟ್ ಆಗಿ ಇರುವ ಓದುಗರು ಮಾತ್ರ ಹುಷಾರು. ಸರ್ಕಾರಿ ಸಹಾಯ ಪಡೆಯುವಂತಿಲ್ಲ ಎಂಬ ಷರತ್ತು ಇರುವಾಗ ಅರ್ಜಿ ಹಾಕಿದರೆ ವೀಸಾಕ್ಕೇ ಪೆಟ್ಟು. ಒಬ್ಬ ರೋಗಿಯ ಹೆಸರಲ್ಲಿ ಒಬ್ಬರಿಗಷ್ಟೇ ಈ ಭತ್ಯೆ.

ಈಗ ಸಂಬಳದ ವಿಷಯ. ಜನ ಬೀಳುವುದು ಇಲ್ಲೇ. 2025–26ರ ಲೆಕ್ಕದಲ್ಲಿ ದುಡಿಮೆಯ ಮಿತಿ ವಾರಕ್ಕೆ 196 ಪೌಂಡ್. ತಿಂಗಳ ಸಂಬಳವಾದರೆ 12ರಿಂದ ಗುಣಿಸಿ 52ರಿಂದ ಭಾಗಿಸುತ್ತಾರೆ, ಅಂದರೆ ತಿಂಗಳಿಗೆ ಸುಮಾರು 849. ನಿಮ್ಮ 790 ಅದರೊಳಗೇ ಇದೆ ಎಂದು ಸುಮ್ಮನಾಗಬೇಡಿ. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಪೂರ್ತಿ ಕಳೆಯುತ್ತಾರೆ. ನೀವು ಪೆನ್ಷನ್‌ಗೆ ಕಟ್ಟುವುದರಲ್ಲಿ ಮಾತ್ರ ಅರ್ಧವನ್ನಷ್ಟೇ ಕಳೆಯುತ್ತಾರೆ. ಸಂಬಳದಲ್ಲಿ 50 ಪೌಂಡ್ ಪೆನ್ಷನ್‌ಗೆ ಹೋಗುತ್ತಿದ್ದರೆ ಭತ್ಯೆ ಕೊಡುವ ಇಲಾಖೆಯ ಲೆಕ್ಕದಲ್ಲಿ ನಿಮ್ಮ ದುಡಿಮೆ 815. ಉಳಿದ ಜಾಗ ಬರೀ 34 ಪೌಂಡ್. ಶಾಲೆಯಲ್ಲಿ ಯಾರೋ ರಜೆ ಎಂದು ಓವರ್‌ಟೈಮ್ ಮಾಡಿ 50 ಪೌಂಡ್ ಜಾಸ್ತಿ ತಂದಿರೋ, ಆ ತಿಂಗಳ ಭತ್ಯೆ ಪೂರ್ತಿ ಹೋಗಬಹುದು. ಸ್ವಲ್ಪ ದಾಟಿದರೆ ಸ್ವಲ್ಪ ಕಡಿತ ಎಂಬ ವ್ಯವಸ್ಥೆಯೇ ಇಲ್ಲ. ನನ್ನ ಮಟ್ಟಿಗೆ ಇದು ಕೆಟ್ಟ ನಿಯಮ. ಏರುಪೇರಾಗುವ ಸಂಬಳಕ್ಕೆ ಸರಾಸರಿ ಹಿಡಿಯುವ ಅವಕಾಶವಿದೆ, ಆದರೆ ತೀರ್ಮಾನ ಇಲಾಖೆಯದು.

ಹೀಗೆ ಒಂದೆರಡು ಪೌಂಡ್ ದಾಟಿ, ವರ್ಷಗಟ್ಟಲೆ ಗೊತ್ತಾಗದೆ, ಕೊನೆಗೆ ಸಾವಿರಾರು ಪೌಂಡ್ ವಾಪಸ್ ಕಟ್ಟಿ ಎಂಬ ನೋಟಿಸ್ ಬಂದವರು ಬಹಳ ಜನ. 2024ರಲ್ಲಿ ಅದು ದೊಡ್ಡ ಗಲಾಟೆಯಾಗಿ, ಸರ್ಕಾರ ಅಂಗವೈಕಲ್ಯ ನೀತಿ ತಜ್ಞೆ ಲಿಜ್ ಸೇಸ್ ಅವರಿಂದ ಸ್ವತಂತ್ರ ಪರಿಶೀಲನೆ ಮಾಡಿಸಬೇಕಾಯಿತು. ನೀವು ಪ್ರತಿ ಪೇಸ್ಲಿಪ್ ಇಟ್ಟುಕೊಳ್ಳಿ. ಸಂಬಳ ಬದಲಾದ ಕೂಡಲೇ ಆನ್‌ಲೈನ್‌ನಲ್ಲಿ ತಿಳಿಸಿ. ಮಿತಿ ಪ್ರತಿ ಏಪ್ರಿಲ್‌ನಲ್ಲಿ ಬದಲಾಗಬಹುದು, ನೋಡಿಕೊಳ್ಳಿ. ಅತ್ತೆಯ ಮಂಜೂರಾತಿ ಪತ್ರ ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಹಿಂದಿನ ಬಾಕಿಯೂ ಸಿಗುತ್ತದೆ. ಅತ್ತೆಯನ್ನು ಬಿಟ್ಟು ನೀವೊಬ್ಬರೇ ಊರಿಗೆ ಬರುವುದಿದ್ದರೆ 26 ವಾರದಲ್ಲಿ ನಾಲ್ಕು ವಾರದವರೆಗೆ ಭತ್ಯೆ ನಿಲ್ಲುವುದಿಲ್ಲ.

ಪ್ರಶ್ನೆ: ನನಗೆ 71. ಲೆಸ್ಟರ್‌ನಲ್ಲಿ ಪಾರ್ಕಿನ್ಸನ್ ಇರುವ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದೇನೆ. ಅವಳಿಗೆ ಅಟೆಂಡೆನ್ಸ್ ಅಲೋವನ್ಸ್ ಬರುತ್ತದೆ. ನನಗೆ ಸ್ಟೇಟ್ ಪೆನ್ಷನ್ (ಸರ್ಕಾರಿ ವೃದ್ಧಾಪ್ಯ ಪಿಂಚಣಿ) ಬರುವುದರಿಂದ ಕೇರರ್ಸ್ ಅಲೋವನ್ಸ್‌ಗೆ ಅರ್ಜಿ ಹಾಕಿ ಪ್ರಯೋಜನವಿಲ್ಲ ಎಂದು ಗೆಳೆಯರು ಹೇಳುತ್ತಾರೆ.

ಉತ್ತರ: ಅರ್ಧ ನಿಜ. ನಿಮ್ಮ ಪೆನ್ಷನ್ ಆ ಭತ್ಯೆಗಿಂತ (2025–26ರಲ್ಲಿ ವಾರಕ್ಕೆ 83.30) ಜಾಸ್ತಿ ಇದ್ದರೆ ಭತ್ಯೆ ಕೈಗೆ ಬರುವುದಿಲ್ಲ. ಆದರೂ ಅರ್ಜಿ ಹಾಕಿ. ‘ಅರ್ಹತೆ ಇದೆ, ಹಣ ಕೊಡಲಾಗದು’ ಎಂಬ ಪತ್ರ ಬರುತ್ತದೆ. ಆ ಪತ್ರ ಇದ್ದರೆ ಪೆನ್ಷನ್ ಕ್ರೆಡಿಟ್ (ಕಡಿಮೆ ಆದಾಯದ ಪಿಂಚಣಿದಾರರಿಗೆ ಸರ್ಕಾರ ಕೊಡುವ ನೆರವು) ಲೆಕ್ಕದಲ್ಲಿ ವಾರಕ್ಕೆ 46.40 ಪೌಂಡ್ (2025–26ರ ದರ) ಹೆಚ್ಚುವರಿ ಸೇರಿಸುತ್ತಾರೆ. ಮೊದಲು ಆದಾಯ ಚೂರು ಜಾಸ್ತಿಯಾಯಿತೆಂದು ಪೆನ್ಷನ್ ಕ್ರೆಡಿಟ್ ನಿರಾಕರಿಸಿದ್ದರೂ ಈಗ ಸಿಗಬಹುದು, ಮತ್ತೆ ಕೇಳಿ.