ಖಣ ಮಾರಿದ ದುಡ್ಡು ಹೇಗೆ ಬಂದರೆ ಕ್ಷೇಮ?

ಪ್ರಶ್ನೆ: ಅಕ್ಕಾ, ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ನಮ್ಮೂರ ಖಣ (ರವಿಕೆ ಬಟ್ಟೆ) ಮಾರುತ್ತೇನೆ. ಕೆಲವರು ಯುಪಿಐ ಅಂತಾರೆ, ಕೆಲವರು ಮಾಲು ಕೈಗೆ ಬಂದ ಮೇಲೆ ದುಡ್ಡು ಅಂತಾರೆ. ಯಾವುದು ಸುರಕ್ಷಿತ?
— ಓದುಗರೊಬ್ಬರು, ಗುಳೇದಗುಡ್ಡ

ಉತ್ತರ: ತಂಗಿ, ಯುಪಿಐ ಮೊದಲೇ ಹಾಕಿಸಿಕೋ. ಆದರೆ ಸ್ಕ್ರೀನ್‌ಶಾಟ್ ನಂಬಬೇಡ. ಎರಡು ದೀಪಾವಳಿಯ ಹಿಂದೆ ಒಂದು ಇಳಕಲ್ ಸೀರೆ ಕಳಿಸಿ 2,800 ರೂಪಾಯಿ ಕಳೆದುಕೊಂಡೆ. ಹಣ ಹಾಕಿದ ಚಿತ್ರ ಬಂದಿತ್ತು, ಖಾತೆಗೆ ಹಣವೇ ಬಂದಿರಲಿಲ್ಲ. ನೇಕಾರರಿಗೆ ನಾನೇ ಕೈಯಿಂದ ಕೊಟ್ಟೆ. ಆ ಸಂಕಟ ನಿನಗೆ ಬೇಡ. ಎಸ್ಸೆಮ್ಮೆಸ್ ಕೂಡ ನಕಲಿ ಇರಬಹುದು. ನಿನ್ನ ಬ್ಯಾಂಕಿನ ಆ್ಯಪ್ ತೆರೆದು, ಜಮಾ ಆಗಿದ್ದು ನೋಡಿಯೇ ಪಾರ್ಸೆಲ್ ಕಟ್ಟು.

ಇನ್ನೊಂದು ಮಾತು. ದುಡ್ಡು ಪಡೆಯೋಕೆ ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಯಾರಾದರೂ ಒತ್ತು ಅಂದರೆ ನಿನ್ನ ದುಡ್ಡು ಹೋಗುತ್ತೆ ಅಂತಲೇ ಅರ್ಥ.

ಮಾಲು ಮುಟ್ಟಿದ ಮೇಲೆ ದುಡ್ಡು ಅನ್ನೋದು ಕೊಳ್ಳುವವರಿಗೆ ಧೈರ್ಯ, ನಿಜ. ಆದರೆ ಅವರು ಬೇಡ ಅಂದರೆ ಹೋಗಿ ಬರುವ ಕೊರಿಯರ್ ಖರ್ಚು ಸಾಮಾನ್ಯವಾಗಿ ನಿನ್ನ ತಲೆಗೇ ಬರುತ್ತೆ. ಹೊಸಬರಾದರೆ ಕೊರಿಯರ್ ಖರ್ಚನ್ನಾದರೂ ಮುಂಗಡ ತಗೋ. ಚೆಕ್ ಕೊಟ್ಟರೆ, ಪಾಸಾಗೋ ತನಕ ಮಾಲು ಬಿಡಬೇಡ.

ಅಕಸ್ಮಾತ್ ಮೋಸ ಆದರೆ ನಾಚಿಕೊಂಡು ಸುಮ್ನೆ ಕೂರಬೇಡ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.